ಗರಡಿಯೂ ಕೋಪವೂ

ಅಂಗಸಾಧನೆ ಮಾಡಿದವನಿಗೆ ಕೋಪ ಕಡಮೆ ಎಂಬ ಮಾತು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ದುರ್ಬಲನೇ ಬೇಗ ಸಿಡುಕುವನು, ಬಲವುಳ್ಳವನಿಗೆ ತಾಳ್ಮೆ ತಾನಾಗಿ ಒದಗುವುದು ಎಂದು ಗರಡಿಯ ಉಸ್ತಾದರು ವಾದಿಸುತ್ತಾರೆ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಬಳ್ಳಾರಿ ಸೀಮೆಯ ಚರಿತ್ರೆಯನ್ನು ಮುಂದಿಟ್ಟುಕೊಂಡು ವಿಚಾರಮಾಡಬೇಕೆಂದು ನಮ್ಮ ಉದ್ದೇಶ. ಆ ಸೀಮೆಯನ್ನೇ ಆರಿಸಿಕೊಳ್ಳಲು ಕಾರಣವುಂಟು. 2021ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಹಂಪೆಯಲ್ಲಿ ಮಲ್ಲವಿದ್ಯೆಯನ್ನು ಕಣ್ಣಾರೆ ಕಂಡವರು ಬರೆದಿಟ್ಟ ವೃತ್ತಾಂತಗಳು ನಮಗೆ ದೊರೆತಿವೆ.

ಆದರೆ ಕಥೆ ಹಂಪೆಗಿಂತ ಹಿಂದಿನದು. ಹನ್ನೆರಡನೆಯ ಶತಮಾನದಲ್ಲಿ ಕುರುಗೋಡನ್ನು ಆಳುತ್ತಿದ್ದ ಸಿಂದರು ಕಲ್ಯಾಣದ ಚಾಳುಕ್ಯರ ಸಾಮಂತರು. ಆ ಚಾಳುಕ್ಯರಲ್ಲಿ ಮೂರನೆಯ ಸೋಮೇಶ್ವರನು ರಚಿಸಿದ ಸಂಸ್ಕೃತಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಒಂದು ಭಾಗವೇ ಇದೆ. ಮಲ್ಲರ ಆಹಾರವೇನು, ಸಾಧನೆಯೇನು ಎಂಬುದನ್ನು ಅಲ್ಲಿ ಹೇಳಿರುವುದಲ್ಲದೆ, ಅವರನ್ನು ವಯಸ್ಸು, ದೇಹಪ್ರಮಾಣ, ಬಲಗಳಿಗನುಸಾರವಾಗಿ ವಿಂಗಡಿಸಿದೆ. ಸಮಾನರಲ್ಲದವರ ಹೋರಾಟ ಹೋರಾಟವಲ್ಲ, ಹಿಂಸೆ. ಈ ವಿವೇಕ ಅಷ್ಟು ಹಿಂದೆಯೇ ಕಟ್ಟಳೆಯಾಗಿತ್ತೆಂಬುದನ್ನು ಗಮನಿಸಬೇಕು.

ಇನ್ನು ವಿಜಯನಗರ. ಪೋರ್ಚುಗೀಸ್ ಪ್ರವಾಸಿಯಾದ ಡೊಮಿಂಗೊ ಪೈಸನು ಸುಮಾರು 1520ರಲ್ಲಿ ಅಲ್ಲಿಗೆ ಬಂದನು. ಅವನ ವೃತ್ತಾಂತವನ್ನು ಮದರಾಸು ಸಿವಿಲ್ ಸರ್ವಿಸಿನ ರಾಬರ್ಟ್ ಸಿವೆಲನು 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಕೃಷ್ಣದೇವರಾಯನ ದಿನಚರಿಯನ್ನು ಪೈಸನು ಹೀಗೆ ವರ್ಣಿಸುತ್ತಾನೆ: ಅರಸನು ಬೆಳಕು ಹರಿಯುವ ಮುನ್ನ ಎದ್ದು ಎಳ್ಳೆಣ್ಣೆಯನ್ನು ಕುಡಿಯುವನು, ಅದೇ ಎಣ್ಣೆಯನ್ನು ಮೈಗೆಲ್ಲ ತಿಕ್ಕಿಸಿಕೊಳ್ಳುವನು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳಿನಲ್ಲಿ ಎತ್ತುವನು, ಎಣ್ಣೆಯೆಲ್ಲ ಬೆವರಾಗಿ ಹೊರಬರುವತನಕ ಕತ್ತಿಯ ಸಾಮು ಮಾಡುವನು. ಅನಂತರ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿ. ಅದು ಮುಗಿದ ಮೇಲೆ ಕುದುರೆಯನ್ನೇರಿ ನಸುಕು ಹರಿಯುವವರೆಗೆ ಬಯಲಿನಲ್ಲಿ ಸವಾರಿ. ಇಷ್ಟೂ ನಾವು ಹಾಸಿಗೆಯಲ್ಲಿ ಹೊರಳುತ್ತಿರುವ ಹೊತ್ತಿಗೆ!

ಉಸ್ತಾದರ ಸಿದ್ಧಾಂತ ಸರಿಯಾದರೆ ಇಂಥವನು ಶಾಂತಿಯ ಮೂರ್ತಿಯಾಗಿರಬೇಕಾಗಿತ್ತು. ಅದೇ ಪೈಸನು ಅರಸನ ನ್ಯಾಯಬುದ್ಧಿಯನ್ನೂ ಅತಿಥಿಸತ್ಕಾರವನ್ನೂ ಮನಸಾರೆ ಹೊಗಳಿ, ಅವನಿಗೆ ಹಠಾತ್ತಾಗಿ ಕೋಪ ಉಕ್ಕುತ್ತಿತ್ತೆಂದು ಸೇರಿಸುತ್ತಾನೆ. ಮೆಚ್ಚಿಕೊಂಡವನೇ ಬರೆದದ್ದಾದ್ದರಿಂದ ಇದನ್ನು ನಿಂದೆಯೆಂದು ತಳ್ಳಿಹಾಕುವಂತಿಲ್ಲ. ಹಾಗಾದರೆ ಪ್ರತಿದಿನದ ಆ ಬೆವರು ಯಾವುದನ್ನು ಗೆದ್ದಿತು?

ಇದಕ್ಕೆ ಉತ್ತರವನ್ನು ಅರಮನೆಯ ಹೊರಗೆ ಹುಡುಕಬೇಕೆಂದು ನಮಗೆ ತೋರುತ್ತದೆ. ಮಹಾನವಮಿಯ ಕಾಳಗಗಳು ಬಹು ಘೋರವಾಗಿದ್ದವು. ಹಲ್ಲು ಮುರಿಯುತ್ತಿತ್ತು, ಕಣ್ಣು ಹೋಗುತ್ತಿತ್ತು, ಮಾತು ನಿಂತವರನ್ನು ಸ್ನೇಹಿತರು ಹೊತ್ತೊಯ್ಯುತ್ತಿದ್ದರು. ಆದರೂ ಅಲ್ಲಿ ತೀರ್ಪುಗಾರರಿದ್ದರೆಂದೂ ಇಬ್ಬರನ್ನೂ ಸಮವಾಗಿ ಕಣದಲ್ಲಿ ನಿಲ್ಲಿಸುವುದು ಅವರ ಕೆಲಸವೆಂದೂ ಪೈಸನು ಹೇಳುತ್ತಾನೆ. ಕೆಲವು ವರ್ಷಗಳ ಮೇಲೆ ಬರೆದ ಫೆರ್ನಾವೊ ನೂನಿಜನು ದ್ವಂದ್ವಯುದ್ಧದ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ತಿಳಿಸುತ್ತಾನೆ. ಮಂತ್ರಿಯ ಅಪ್ಪಣೆಯಿಲ್ಲದೆ ಯಾರೂ ಕತ್ತಿ ಹಿಡಿದು ಎದುರುಬದುರಾಗಿ ನಿಲ್ಲುವಂತಿರಲಿಲ್ಲ. ಕೇಳಿದೊಡನೆ ಮಂತ್ರಿಯು ಅಪ್ಪಣೆ ಕೊಡುತ್ತಿದ್ದನಂತೆ. ಹಾಗಿದ್ದರೂ ಸಿಟ್ಟಿಗೆದ್ದವನು ಮಂತ್ರಿಯ ಬಾಗಿಲವರೆಗೆ ನಡೆದುಹೋಗಬೇಕಾಗಿತ್ತಷ್ಟೆ! ಆ ನಡಿಗೆಯಲ್ಲಿ ಎಷ್ಟು ಮಂದಿಯ ರಕ್ತ ತಣ್ಣಗಾಗಿರಬಹುದೆಂಬುದನ್ನು ಯಾವ ಶಾಸನವೂ ಲೆಕ್ಕವಿಟ್ಟಿಲ್ಲ.

1565ರಲ್ಲಿ ರಾಜಧಾನಿ ಹಾಳಾಯಿತು. ಬಳ್ಳಾರಿಯ ಗುಡ್ಡದ ಕೋಟೆ ಹಂಡೆ ಪಾಳೆಯಗಾರರ ಕೈಸೇರಿತು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪೆನಿಗೆ ಬಿಟ್ಟುಕೊಟ್ಟನು. ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಕಲೆಕ್ಟರಾಗಿದ್ದು ಪಾಳೆಯಗಾರರ ಬಲವನ್ನು ಮುರಿದನು. ಅವರ ಪದಾತಿಗಳ ಕೈಯ ಕತ್ತಿಗಳು ಹೋದವು. ಕತ್ತಿಯ ಹಂಗಿಲ್ಲದ ಮಣ್ಣಿನ ಗರಡಿ ಮಾತ್ರ ಊರುಗಳಲ್ಲಿ ಉಳಿಯಿತು.

ಆ ಗರಡಿಯ ಕ್ರಮವನ್ನು ನೋಡಿರಿ. ಹೊಸಬನಿಗೆ ಮೊದಲ ದಿನವೇ ಪಟ್ಟುಗಳನ್ನು ಹೇಳಿಕೊಡುವುದಿಲ್ಲ. ಅವನು ಆಂಜನೇಯನಿಗೆ ಕೈಮುಗಿದು, ಕೆಮ್ಮಣ್ಣನ್ನು ಅಗೆದು ಹದಮಾಡಬೇಕು. ದಂಡ ಬಸ್ಕಿಗಳನ್ನು ತೆಗೆಯಬೇಕು. ಅನಂತರ ತನಗಿಂತ ಬಲ್ಲವರ ಕೈಯಲ್ಲಿ ನಿತ್ಯವೂ ಕೆಳಗೆ ಬೀಳಬೇಕು. ಬಿದ್ದವನು ಮುನಿಸಿಕೊಂಡು ಮುನ್ನುಗ್ಗಿದರೆ ಅವನ ಮೈಭಾರವೆಲ್ಲ ಮುಂಗಾಲಿಗೆ ಬಂದು, ಎದುರಾಳಿ ಸ್ವಲ್ಪ ಸರಿದು ಸೆಳೆದರೆ ಸಾಕು, ಮತ್ತೆ ನೆಲ ಸೇರುವನು. ಸಿರುಗುಪ್ಪದ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ: ವಿಜಯನಗರದವರು ಅಲ್ಲಿ ಕಾಲುವೆ ತೆಗೆದಾಗ ತುಂಗಭದ್ರೆಯ ಎದುರು ನಿಂತು ಹೋರಾಡಲಿಲ್ಲ, ಅವಳ ವೇಗವನ್ನೇ ಪಕ್ಕಕ್ಕೆ ತಿರುಗಿಸಿಕೊಂಡರು. ಕೋಪವು ಸೋಲಿನ ದಾರಿಯೆಂಬುದನ್ನು ಗರಡಿಯವನು ಉಪದೇಶದಿಂದಲ್ಲ, ಬೆನ್ನಿಗೆ ಹತ್ತಿದ ಮಣ್ಣಿನಿಂದ ಕಲಿಯುತ್ತಾನೆ. ಕಲಿತದ್ದು ಮರೆತರೆ ಉಸ್ತಾದನ ಒಂದು ಗದರಿಕೆ ಇದ್ದೇ ಇದೆ. ಊರಿನ ಶ್ರೀಮಂತನ ಮಗನಾದರೂ ಅದನ್ನು ತಲೆಬಾಗಿ ಕೇಳಬೇಕು.

ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ಇಂದಿಗೂ ನಡೆಯುವ ವಜ್ರಮುಷ್ಟಿ ಕಾಳಗವೂ ಇದೇ ಜಾತಿಯದು. ಜಟ್ಟಿಗಳ ಮುಷ್ಟಿಯಲ್ಲಿ ಮೊನೆಯುಳ್ಳ ಆಯುಧವಿರುತ್ತದೆ. ಒಬ್ಬನ ಬೋಳುತಲೆಯಿಂದ ಮೊದಲ ರಕ್ತ ಕಾಣಿಸಿದೊಡನೆ ಕಾಳಗ ಮುಗಿಯಿತು. ಎರಡನೆಯ ಏಟಿಗೆ ಎತ್ತಿದ ಕೈ ಅಲ್ಲಿಯೇ ನಿಲ್ಲಬೇಕು.

ಕೃಷ್ಣದೇವರಾಯನಿಗೆ ಎಣ್ಣೆ, ಕತ್ತಿ, ಕುದುರೆ, ಜಟ್ಟಿ ಎಲ್ಲವೂ ಇದ್ದುವು. ‘ಸಾಕು, ನಿಲ್ಲಿಸು’ ಎನ್ನುವ ಉಸ್ತಾದನೊಬ್ಬನು ಇದ್ದಂತೆ ಪೈಸನ ಬರಹದಲ್ಲಿ ಕಾಣುವುದಿಲ್ಲ. ನಸುಕಿನಲ್ಲಿ ಅರಸನೊಡನೆ ತೋಳು ಹೆಣೆಯುತ್ತಿದ್ದ ಆ ಜಟ್ಟಿ ಅವನ ಊಳಿಗದವನು. ಪೈಸನು ಆ ಜಟ್ಟಿಯ ಹೆಸರನ್ನು ಬರೆದಿಲ್ಲ. ಅವನು ಒಂದು ದಿನವಾದರೂ ಅರಸನನ್ನು ಕೆಡವಿದನೇ ಎಂಬುದನ್ನೂ ಬರೆದಿಲ್ಲ.