ಯಾರೂ ಕದಿಯದ 3.6 ಸೆಕೆಂಡ್

ಭಾಗ 1

ಮೊದಲನೇ ಫೋಟೋ ಜೂಮ್ ಮಾಡಿ ನೋಡಿ. ಮೂಲೆಯಲ್ಲಿ 00:59:56:12 ಅಂತಿದೆ. ಸ್ವೈಪ್ ಮಾಡಿ, ಎರಡನೇದರಲ್ಲಿ 01:00:00;00. ಎರಡೂ ಒಂದೇ ಕ್ಷಣ ಅಂದ್ರೆ ನಂಬ್ತೀರಾ?

ಫೆಸ್ಟ್ ನಾಟಕಕ್ಕೆ ಎರಡು ಬಾಡಿಗೆ ಕ್ಯಾಮೆರಾ ಇಟ್ಟಿದ್ವಿ. ಎರಡರದ್ದೂ ಟೈಮ್‌ಕೋಡ್ ಒಟ್ಟಿಗೆ ಸೊನ್ನೆಯಿಂದ ಶುರು ಮಾಡಿದ್ದು. ಟೈಮ್‌ಕೋಡ್ ಅಂದ್ರೆ ಪ್ರತಿ ಫ್ರೇಮಿಗೂ ಒಂದು ವಿಳಾಸ: ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್. ಎಡಿಟಿಂಗಲ್ಲಿ ಆ ನಂಬರ್ ಹಿಡಿದು ಎರಡನ್ನೂ ಜೋಡಿಸಿದೆ. ಮೊದಲ ದೃಶ್ಯ ಪಕ್ಕಾ. ಕೊನೆಯ ದೃಶ್ಯದಲ್ಲಿ ಮಾತ್ರ ತಾಯಿ ಪಾತ್ರದವಳ ಬಾಯಿ ಒಂದು ಕಡೆ, ಅಳು ಇನ್ನೊಂದು ಕಡೆ.

ಕಮಿಟಿಯವರು ತೀರ್ಪು ಕೊಟ್ಟೇ ಬಿಟ್ರು: ಎರಡನೇ ಕ್ಯಾಮೆರಾ ಹಿಡಿದ ಹುಡುಗ ಸರಿಯಾಗಿ ರೆಕಾರ್ಡ್ ಮಾಡಿಲ್ಲ, ಫ್ರೇಮ್ ಡ್ರಾಪ್ ಆಗಿದೆ, ಅವನ ಅರ್ಧ ದುಡ್ಡು ಕಟ್. ಅವನು ನನ್ನ ಜೂನಿಯರ್. ಎದುರು ಮಾತಾಡೋನಲ್ಲ.

ಭಾಗ 2

ಈಗ 1953ರ ಅಮೆರಿಕಕ್ಕೆ ಹೋಗೋಣ. ಅಲ್ಲಿ ಕರೆಂಟ್ 60 ಹರ್ಟ್ಜ್, ಹಾಗಾಗಿ ಕಪ್ಪು ಬಿಳುಪು ಟಿವಿಗೆ ಸೆಕೆಂಡಿಗೆ 30 ಫ್ರೇಮ್. ಲೆಕ್ಕ ಚೊಕ್ಕವಾಗಿತ್ತು. ಆಮೇಲೆ ಬಣ್ಣ ಬಂತು. ಜನರ ಮನೇಲಿದ್ದ ಹಳೇ ಸೆಟ್ಟುಗಳೂ ನಡೀಬೇಕು ಅನ್ನೋ ಕಾರಣಕ್ಕೆ ಬಣ್ಣದ ಸಿಗ್ನಲ್ಲನ್ನ ಇದ್ದ ಜಾಗದಲ್ಲೇ ತುರುಕಿದ್ರು. ಅದು ಧ್ವನಿಯ ಸಿಗ್ನಲ್ ಜೊತೆ ತಿಕ್ಕಾಡಿ ಪರದೆ ಮೇಲೆ ಚುಕ್ಕಿ ಚುಕ್ಕಿ ಕಾಣೋ ಅಪಾಯ ಇತ್ತು. ಧ್ವನಿಯ ಜಾಗ ಬದಲಿಸಿದ್ರೆ ಹಳೇ ಸೆಟ್ಟಿಗೆ ತೊಂದರೆ. ಸರಿ ಅಂತ ಫ್ರೇಮಿನ ವೇಗವನ್ನೇ ಸಾವಿರಕ್ಕೆ ಒಂದರಷ್ಟು ಇಳಿಸಿದ್ರು. 30 ಹೋಗಿ 29.97 ಆಯ್ತು.

ಆಗ ಯಾರಿಗೂ ಇದು ತಲೆನೋವಾಗಲಿಲ್ಲ, ಯಾಕಂದ್ರೆ ಫ್ರೇಮ್ ಎಣಿಸೋರೇ ಇರಲಿಲ್ಲ. 1956ರಲ್ಲಿ ಆಂಪೆಕ್ಸ್ ಕಂಪನಿಯ ವಿಡಿಯೋ ಟೇಪ್ ಬಂದಾಗ ಎಡಿಟಿಂಗ್ ಹೇಗಿತ್ತು ಗೊತ್ತಾ? ಎರಡಿಂಚು ಅಗಲದ ಟೇಪು, ಬರಿಗಣ್ಣಿಗೆ ಅದರಲ್ಲಿ ಚಿತ್ರವೇ ಕಾಣಲ್ಲ. ಕಬ್ಬಿಣದ ಪುಡಿ ಬೆರೆಸಿದ ದ್ರವ ಸವರಿ, ಮೈಕ್ರೋಸ್ಕೋಪಲ್ಲಿ ಗೆರೆ ಹುಡುಕಿ, ಬ್ಲೇಡಲ್ಲಿ ಕೊಯ್ದು ಅಂಟಿಸಬೇಕು. ನಾವು ಫೋನಲ್ಲಿ ಬೆರಳಾಡಿಸಿ ‘ಬೋರ್ ಗುರು’ ಅಂತೀವಿ.

ಭಾಗ 3

1967ರಲ್ಲಿ ಈಕೋ ಅನ್ನೋ ಕಂಪನಿ ಟೇಪಿನ ಫ್ರೇಮುಗಳಿಗೆ ನಂಬರ್ ಹಾಕೋ ವಿಧಾನ ತಂತು. ಆಮೇಲೆ ಎಸ್‌ಎಂಪಿಟಿಇ ಸಂಸ್ಥೆ ಅದಕ್ಕೊಂದು ಮಾನದಂಡ ಮಾಡಿತು. ಹಳೇ ಪಾಪ ಎದ್ದು ಬಂದಿದ್ದು ಇಲ್ಲೇ. ಓಡ್ತಿರೋದು 29.97, ಎಣಿಸ್ತಿರೋದು 30. ಗಂಟೆಗೆ 108 ಫ್ರೇಮ್ ವ್ಯತ್ಯಾಸ, ಅಂದ್ರೆ 3.6 ಸೆಕೆಂಡ್. ಟಿವಿ ಚಾನೆಲ್ಲಲ್ಲಿ ಸೆಕೆಂಡ್ ಅಂದ್ರೆ ಜಾಹೀರಾತಿನ ದುಡ್ಡು. (ಬಿಕಾಂನವರಿಗೆ ಇದನ್ನ ಬಿಡಿಸಿ ಹೇಳಬೇಕಾ?)

ಉಪಾಯ ಡ್ರಾಪ್ ಫ್ರೇಮ್. ಪ್ರತಿ ನಿಮಿಷದ ಶುರುವಲ್ಲಿ 00 ಮತ್ತು 01 ಅನ್ನೋ ಎರಡು ನಂಬರ್ ಹಾರಿಸೋದು, ಹತ್ತರ ಮಗ್ಗಿಯ ನಿಮಿಷಗಳಲ್ಲಿ ಮಾತ್ರ ಹಾರಿಸೋದಿಲ್ಲ. ಗಂಟೆಗೆ 54 ಸಲ, ತಲಾ ಎರಡು, ಒಟ್ಟು 108. ಟ್ಯಾಲಿ! ಇಲ್ಲಿ ಒಂದು ಫ್ರೇಮೂ ಬಿದ್ದುಹೋಗಲ್ಲ, ಹಾರೋದು ನಂಬರ್ ಮಾತ್ರ. ನಿಮ್ಮಜ್ಜಿ ಪಂಚಾಂಗ ನೋಡಿ ‘ಈ ಸಲ ಪಂಚಮಿ ಕ್ಷಯ’ ಅಂತಾರಲ್ಲ, ಚೌತಿ ಮಾರನೇ ದಿನ ನೇರ ಷಷ್ಠಿ. ಹಾಗಂತ ಒಂದು ಹಗಲು ಕಳೆದುಹೋಯ್ತಾ? ಇದೂ ಅಷ್ಟೇ. ಹೆಸರಿಟ್ಟವರ ತಪ್ಪಿಗೆ ಎಷ್ಟು ಜನ ಬೈಸಿಕೊಂಡ್ರೋ.

ನಮ್ಮಲ್ಲಿ ಕರೆಂಟ್ 50 ಹರ್ಟ್ಜ್. 1982ರಲ್ಲಿ ದೂರದರ್ಶನ ಬಣ್ಣಕ್ಕೆ ಬಂದಿದ್ದೂ ಪಾಲ್ ಪದ್ಧತಿಯಲ್ಲಿ, ಸೆಕೆಂಡಿಗೆ ಸರಿಯಾಗಿ 25 ಫ್ರೇಮ್. ಹಾರಿಸೋ ಗೋಜೇ ಇಲ್ಲ. ಆದ್ರೆ ನಮ್ಮ ಬಾಡಿಗೆ ಕ್ಯಾಮೆರಾಗಳ ಮೆನು ಅಮೆರಿಕದಲ್ಲೇ ಉಳಿದಿತ್ತು, 29.97. ಒಂದು ಡ್ರಾಪ್, ಇನ್ನೊಂದು ನಾನ್‌ಡ್ರಾಪ್. ಮೊದಲ ಫೋಟೋದಲ್ಲಿ ಕೊನೆಗೆ ಎರಡು ಚುಕ್ಕಿ, ಎರಡನೇದರಲ್ಲಿ ಅರ್ಧವಿರಾಮ. ಇಡೀ ಜಗಳ ಆ ಚಿಹ್ನೆಯಲ್ಲೇ ಇತ್ತು, ನಾನೂ ನೋಡಿರಲಿಲ್ಲ.

ಭಾಗ 4

ಎಂಒವಿ ಫೈಲಲ್ಲಿ ಟೈಮ್‌ಕೋಡ್ ಚಿತ್ರದ ಮೇಲೆ ಬರೆದಿರಲ್ಲ, ಪಕ್ಕದಲ್ಲೊಂದು ಪುಟ್ಟ ಟ್ರ್ಯಾಕ್ ಇರುತ್ತೆ. ಅದರಲ್ಲಿರೋದು ಮೊದಲ ಫ್ರೇಮ್ ಎಷ್ಟನೇದು, ವೇಗ ಎಷ್ಟು, ಡ್ರಾಪ್ ಹೌದೋ ಅಲ್ವೋ, ಇಷ್ಟೇ. ಅಲ್ಲಿ ಡ್ರಾಪ್ ‘ಹೌದು’ ಅಂತ ಬದಲಿಸಿದೆ. 1,07,892ನೇ ಫ್ರೇಮಿನ ಮೇಲಿದ್ದ 00:59:56:12 ಹೋಗಿ 01:00:00;00 ಆಯ್ತು. ಚಿತ್ರ ಹಾಗೇ ಇದೆ. (ಮೂಲ ಫೈಲಿನ ಕಾಪಿ ಇಟ್ಟುಕೊಂಡೇ ಇದನ್ನೆಲ್ಲ ಮಾಡಿ, ಆಮೇಲೆ ನನ್ನ ಬೈಬೇಡಿ.) ಮತ್ತೆ ಜೋಡಿಸಿದಾಗ ತಾಯಿಯ ಬಾಯಿಗೆ ಅಳು ಬಂದು ಕೂತ್ಕೊಳ್ತು.

ಎರಡೂ ಕ್ಲಿಪ್ಪಿನ ಒಟ್ಟು ಫ್ರೇಮ್ ಲೆಕ್ಕ ಪೇಪರ್ ಮೇಲೆ ಬರೆದು ಕಮಿಟಿ ಮುಂದಿಟ್ಟೆ. ಒಂದೂ ಕಮ್ಮಿ ಇರಲಿಲ್ಲ. ಹುಡುಗನ ಬಾಕಿ ದುಡ್ಡು ಶುಕ್ರವಾರ ಬಂತು. ಗ್ರೂಪಲ್ಲಿ ಅವನ ಹೆಸರು ಹಾಕಿ ಬೈದಿದ್ದ ಮೆಸೇಜನ್ನ ಇನ್ನೂ ಯಾರೂ ಡಿಲೀಟ್ ಮಾಡಿಲ್ಲ.