ಎರಡಲಗಿನ ಬ್ಲೇಡು ನಮ್ಮೂರಿಗೆ ಬಂದ ದಾರಿ

ಕಿರಾಣಿ ಅಂಗಡಿಯಲ್ಲಿ ಬ್ಲೇಡು ಕೇಳಿದರೆ ಟೋಪಾಜ್ ಕೊಡಲಾ, ಸೂಪರ್‌ಮ್ಯಾಕ್ಸ್ ಕೊಡಲಾ, ಸೆವೆನ್ ಓ ಕ್ಲಾಕ್ ಬೇಕಾ ಅಂತಾರೆ. ಕೊಳ್ಳುವವರು ನೋಡೋದು ಮೂರೇ ವಿಷಯ. ಹರಿತ ಇದೆಯಾ? ಉರಿಯದೆ ನಯವಾಗಿ ಜಾರುತ್ತಾ? ಎಷ್ಟು ಸಲ ಬರುತ್ತೆ? ಈ ಮೂರು ಗುಣಗಳೂ ಬ್ಲೇಡಿಗೆ ಒಟ್ಟಿಗೆ ಬಂದವಲ್ಲ. ಒಂದೊಂದಕ್ಕೆ ಒಂದೊಂದು ಕಾಲ ಹಿಡಿದಿದೆ.

ಬ್ಲೇಡಿಗಿಂತ ಮುಂಚೆ ಊರಿಗೆಲ್ಲ ಕ್ಷೌರದ ಕತ್ತಿಯೇ ಗತಿ. ಅದನ್ನು ಕಲ್ಲಿನ ಮೇಲೆ ಮಸೆದು, ಚರ್ಮದ ಪಟ್ಟಿಗೆ ತೀಡಿ ಹರಿತ ಕಾಯಬೇಕಿತ್ತು. ಆ ಕೆಲಸ ಎಲ್ಲರ ಕೈಗೆ ಬರುವಂಥದ್ದಲ್ಲ. ಅದಕ್ಕೇ ಊರಿನ ಆಯಗಾರರಲ್ಲಿ ಕ್ಷೌರಿಕರೂ ಒಬ್ಬರು. ವರ್ಷವಿಡೀ ಮನೆಮನೆಗೆ ಹೋಗಿ ಗಡ್ಡ, ತಲೆ ನೋಡಿಕೊಂಡವರು ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ಕಾಳು ಪಡೆಯುತ್ತಿದ್ದರು. ಆಳಿನ ಕೂಲಿ, ಕೈಯ ಕಸುಬು, ಕತ್ತಿಯ ಹರಿತ ಎಲ್ಲಕ್ಕೂ ಸೇರಿ ಆ ಕಾಳು. ಕೊಟ್ಟಷ್ಟು ತಗೊಂಡು ಹೋಗು ಎನ್ನುವ ದರ್ಪವೂ ಅದರ ಜೊತೆಗೇ ಇತ್ತು, ಅದನ್ನು ಮರೆಮಾಚಬೇಕಿಲ್ಲ.

ಇನ್ನು ಅಮೆರಿಕದ ಕಥೆ. ಕಿಂಗ್ ಕ್ಯಾಂಪ್ ಜಿಲೆಟ್ ಎಂಬಾತ ಊರೂರು ತಿರುಗುವ ಮಾರಾಟಗಾರ. ತಂಪುಪಾನೀಯದ ಬಾಟಲಿಗೆ ಸುತ್ತ ನೆರಿಗೆ ಇರುವ ತಗಡಿನ ಮುಚ್ಚಳ ಇರುತ್ತದಲ್ಲ, ಅದನ್ನು ಕಂಡುಹಿಡಿದ ವಿಲಿಯಂ ಪೇಂಟರ್ ಅವರ ಕಂಪನಿಯಲ್ಲಿ ಕೆಲಸ. ಒಮ್ಮೆ ಬಳಸಿ ಎಸೆಯುವ ವಸ್ತು ಕಂಡುಹಿಡಿ, ಜನ ಮತ್ತೆ ಮತ್ತೆ ಬರುತ್ತಾರೆ ಎಂದು ಪೇಂಟರ್ ಹೇಳಿದ ಮಾತು ಜಿಲೆಟ್ ತಲೆಯಲ್ಲಿ ಕೂತಿತು. 1895ರಲ್ಲಿ ಗಡ್ಡ ಬೋಳಿಸಲು ಹೊರಟಾಗ ಕತ್ತಿ ಮೊಂಡಾಗಿತ್ತು. ಮಸೆಯುವ ಗೋಜೇ ಇಲ್ಲದ ತೆಳು ತಗಡು ಇದ್ದರೆ ಹೇಗೆ ಅನ್ನಿಸಿತಂತೆ.

ಅನ್ನಿಸಿದ್ದು ಸುಲಭ, ಮಾಡುವುದು ಕಷ್ಟ. ನಮ್ಮೂರ ಕಮ್ಮಾರರನ್ನು ಕೇಳಿ: ದಪ್ಪ ಕುಡುಗೋಲನ್ನು ಕಾಸಿ ನೀರಿಗೆ ಅದ್ದಿ ಹದ ಕೊಡಬಹುದು, ಕಾಗದದಂಥ ತಗಡಿಗೆ ಹಾಗೆ ಮಾಡಿದರೆ ಸೊಟ್ಟಗಾಗಿ ಸುರುಳಿ ಸುತ್ತುತ್ತದೆ. ತಿಳಿದವರು ಆಗದ ಕೆಲಸ ಅಂದರು. ಕೊನೆಗೆ ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್ ತೆಳು ಉಕ್ಕಿಗೆ ಹದ ಕೊಡುವ, ಅಲಗು ಮಸೆಯುವ ಯಂತ್ರಗಳನ್ನು ಮಾಡಿದರು. ನನ್ನ ಪ್ರಕಾರ ಈ ಕಥೆಯ ನಿಜವಾದ ನಾಯಕ ಅವರೇ. ಆದರೆ ಪೊಟ್ಟಣದ ಮೇಲೆ ಅಚ್ಚಾಗಿದ್ದು ಜಿಲೆಟ್ ಮುಖ. 1903ರಲ್ಲಿ ಮಾರಾಟವಾಗಿದ್ದು ಬರೀ 51 ರೇಜರ್, 168 ಬ್ಲೇಡು. ಮರುವರ್ಷ ರೇಜರ್‌ಗಳ ಲೆಕ್ಕ 90 ಸಾವಿರ ಮುಟ್ಟಿತು, ಪೇಟೆಂಟೂ ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಸೈನಿಕರಿಗಾಗಿ ಲಕ್ಷಗಟ್ಟಲೆ ರೇಜರ್ ಕೊಂಡಿತು. ಯುದ್ಧದಿಂದ ಮರಳಿದವರು ಮನೆಯಲ್ಲೂ ತಮ್ಮ ಗಡ್ಡ ತಾವೇ ಬೋಳಿಸಿಕೊಂಡರು.

ಹೀಗೆ ಹರಿತ ಬಂತು, ಬಾಳಿಕೆ ಬರಲಿಲ್ಲ. ಆಗಿನ ಬ್ಲೇಡು ಇಂಗಾಲದ ಉಕ್ಕಿನದು, ನೀರು ತಗುಲಿದರೆ ತುಕ್ಕು. ಒರೆಸಿ, ಒಣಗಿಸಿ ಇಡಬೇಕಿತ್ತು. ಗಾಜಿನ ಲೋಟದ ಒಳಮೈಗೆ ತೀಡಿ ಇನ್ನೆರಡು ಸಲ ದೂಡಿದವರೂ ಇದ್ದರು. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಕತ್ತಿ ಮಾಡಿಯೇ ಹೆಸರಾದ ವಿಲ್ಕಿನ್‌ಸನ್ ಸ್ವೋರ್ಡ್ ಕಂಪನಿ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಬ್ಲೇಡು ತಂದಿತು. ಅಲಗಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳು ಲೇಪ. ನಾನ್‌ಸ್ಟಿಕ್ ತವಾದ ಮೇಲೆ ಇರುತ್ತದಲ್ಲ, ಅದೇ ಜಾತಿಯದು. ದೋಸೆ ತವಾಕ್ಕೆ ಅಂಟದ ಹಾಗೆ ಅಲಗು ಕೂದಲಿಗೆ ಸಿಕ್ಕಿಕೊಳ್ಳದೆ ಜಾರಿತು. ನಯ ಬಂದಿದ್ದು ಹೀಗೆ. ಜಿಲೆಟ್ ಕಂಪನಿಯೂ 1963ರಲ್ಲಿ ಅದೇ ದಾರಿ ಹಿಡಿಯಿತು.

ನಮ್ಮ ದೇಶದಲ್ಲಿ ಮೊದಲು ಹಡಗಿನಲ್ಲಿ ಬಂದ ಬ್ಲೇಡುಗಳದ್ದೇ ಕಾರುಬಾರು. ಸ್ವಾತಂತ್ರ್ಯದ ನಂತರ ಮಲ್ಹೋತ್ರಾ ಕುಟುಂಬದ ಕಾರ್ಖಾನೆಗಳು ಬೆಳೆದವು. ಟೋಪಾಜ್, ಸೂಪರ್‌ಮ್ಯಾಕ್ಸ್ ಅವರದೇ. ಜಿಲೆಟ್ 1980ರ ದಶಕದಲ್ಲಿ ಪಾಲುದಾರರ ಜೊತೆ ಸೇರಿ ಇಲ್ಲಿ ಕಾಲಿಟ್ಟಿತು. 2010ರಲ್ಲಿ 15 ರೂಪಾಯಿಯ ಗಾರ್ಡ್ ರೇಜರ್ ಬಿಟ್ಟಿದ್ದೇ ಎರಡಲಗಿನ ಬ್ಲೇಡಿನವರನ್ನು ತನ್ನ ಕಡೆ ಸೆಳೆಯಲು.

ಸರಿ, ಈಗ ಯಾವುದು ಒಳ್ಳೆಯದು? ಅತಿ ಹರಿತಕ್ಕೆ ಜಪಾನಿನ ಫೆದರ್ ಹೆಸರಾಗಿದೆ, ಆದರೆ ಕೈ ತಪ್ಪಿದರೆ ರಕ್ತ. ನಮ್ಮ ಅಂಗಡಿಗಳ ಬ್ಲೇಡಿನಲ್ಲಿ ಲೇಪ ಚೆನ್ನಾಗಿದ್ದರೆ ಹರಿತ ತುಸು ಕಡಿಮೆ ಇದ್ದರೂ ಮುಖ ಉರಿಯುವುದಿಲ್ಲ. ಗಡ್ಡ ಒರಟಾಗಿದ್ದವರಿಗೆ ಮೂರೇ ಸಲಕ್ಕೆ ಸೋಲುವ ಬ್ಲೇಡು ಇನ್ನೊಬ್ಬರಿಗೆ ಏಳು ಸಲ ಬಂದೀತು. ಮೆತ್ತನೆಯ ಕೂದಲು ಉಕ್ಕನ್ನು ಹೇಗೆ ಸೋಲಿಸುತ್ತದೆ ಎಂದು ಅಮೆರಿಕದ ಎಂಐಟಿ ವಿಜ್ಞಾನಿಗಳು 2020ರಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಆದರೂ ಕೂದಲು ಬಾಗಿ ಓರೆಯಾಗಿ ತಾಗಿದ ಕಡೆ, ಉಕ್ಕಿನ ಒಳರಚನೆ ಒಂದೇ ಸಮ ಇಲ್ಲದ ಜಾಗದಲ್ಲಿ, ಅಲಗು ಸಣ್ಣದಾಗಿ ಚಕ್ಕೆ ಏಳುತ್ತದೆ. ಬಿಸಿನೀರಿನಲ್ಲಿ ಗಡ್ಡ ಎರಡು ಮೂರು ನಿಮಿಷ ನೆನೆದರೆ ಕೂದಲು ಮೆತ್ತಗಾಗುತ್ತದೆ. ಬ್ರ್ಯಾಂಡು ಬದಲಿಸುವ ಮುಂಚೆ ಇದನ್ನು ಮಾಡಿ ನೋಡಿ, ಖರ್ಚಿಲ್ಲ.

ಕಟಿಂಗ್ ಶಾಪಿನಲ್ಲಿ ಮಾತ್ರ ಬಾಳಿಕೆಯ ಲೆಕ್ಕ ಬೇಡ. ಅಲ್ಲಿ ಬ್ಲೇಡನ್ನು ಕಾಗದದ ಸಮೇತ ಮುರಿದು ಅರ್ಧ ಮಾಡಿ ಹಿಡಿಗೆ ಸಿಕ್ಕಿಸುತ್ತಾರೆ. ಒಬ್ಬರಿಗೆ ಹಾಕಿದ ಅರ್ಧ ಇನ್ನೊಬ್ಬರಿಗೆ ಹೋಗಬಾರದು. ಹೆಪಟೈಟಿಸ್ ಬಿ ರಕ್ತದ ಒಂದು ಹನಿಯಲ್ಲೂ ದಾಟುತ್ತದೆ. ಹೊಸದು ಹಾಕಣ್ಣ ಎಂದು ಕೇಳಲು ಸಂಕೋಚ ಬೇಡ.

ಬ್ಲೇಡು ಗಡ್ಡಕ್ಕಷ್ಟೇ ದುಡಿದಿಲ್ಲ. ಹೆರಿಗೆ ಮನೆಯಲ್ಲೇ ಆಗುತ್ತಿದ್ದಾಗ ಕುಡುಗೋಲಿನಲ್ಲಿ, ಕೈಗೆ ಸಿಕ್ಕಿದ್ದರಲ್ಲಿ ಹೊಕ್ಕುಳಬಳ್ಳಿ ಕೊಯ್ದು ಎಷ್ಟೋ ಕೂಸುಗಳು ಧನುರ್ವಾಯುವಿಗೆ ಹೋದವು. ಸೂಲಗಿತ್ತಿಯರಿಗೆ ಕಲಿಸಿದ ಐದು ಶುಚಿಗಳಲ್ಲಿ ಶುಚಿಯಾದ ಹೊಸ ಬ್ಲೇಡೂ ಒಂದು. ಚುಚ್ಚುಮದ್ದು, ಆಸ್ಪತ್ರೆ ಹೆರಿಗೆಗಳ ಜೊತೆ ಅದರ ಪಾಲೂ ಇದೆ. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿವಾರಣೆಯಾಗಿದೆ ಎಂದು ಭಾರತಕ್ಕೆ ಮಾನ್ಯತೆ ಸಿಕ್ಕಿದ್ದು 2015ರಲ್ಲಿ.

ಹಳೆ ಬ್ಲೇಡಿನದು ಬೇರೆಯೇ ಪುರಾಣ. ಅಮೆರಿಕದ ಹಳೆಯ ಮನೆಗಳಲ್ಲಿ ಕನ್ನಡಿ ಕಪಾಟಿನ ಹಿಂದೆ ಒಂದು ಸೀಳು ಇರುತ್ತಿತ್ತು. ಬಳಸಿದ ಬ್ಲೇಡು ಅದರೊಳಗೆ ಹಾಕಿದರೆ ಗೋಡೆಯ ಪೊಳ್ಳಿಗೆ ಬೀಳುತ್ತಿತ್ತು. ಇಂದಿಗೂ ಗೋಡೆ ಒಡೆದಾಗ ತುಕ್ಕು ಹಿಡಿದ ರಾಶಿ ಸಿಗುತ್ತದೆ. ನಾವು ಹಂಚಿನ ಸಂದಿಗೆ ಸಿಕ್ಕಿಸುತ್ತೇವೆ, ಇಲ್ಲವೇ ತಿಪ್ಪೆಗೆ ಎಸೆಯುತ್ತೇವೆ. ಖಾಲಿ ಪೌಡರ್ ಡಬ್ಬಿಗೆ ಒಂದು ಸೀಳು ಕೊರೆದು ಅದರಲ್ಲಿ ಹಾಕುತ್ತಾ ಬನ್ನಿ. ತುಂಬಿದ ಮೇಲೆ ಬಾಯಿ ಮುಚ್ಚಿ ಪಂಚಾಯಿತಿಯ ಸ್ವಚ್ಛ ವಾಹಿನಿಯಲ್ಲಿ ಬರುವವರ ಕೈಗೇ ಕೊಟ್ಟು, ಒಳಗೆ ಬ್ಲೇಡಿದೆ ಅಂತ ಹೇಳಿ. ಕಸ ಬೇರ್ಪಡಿಸುವುದು ಅವರ ಬರಿಗೈ.