ದಿವಿಸೀಮೆಗೊಂದು ಸುತ್ತು

2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣದ ಮೇಲೆ ಬಂದಾಗ ನಾವು ನಾಲ್ವರು ಬಚ್ಚಲುಮನೆಯಲ್ಲಿ ಕುಳಿತಿದ್ದೆವು. ಹಾಲ್‌ನ ತುಂಬ ಕಿಟಕಿಯ ಗಾಜು. ಗಾಳಿ ನಿಂತ ಮೇಲೆ ಹೊರಗೆ ಬಂದು ನೋಡಿದರೆ ಗುಡ್ಡಗಳ ಹಸಿರೆಲ್ಲ ಕಂದಾಗಿತ್ತು, ಕಾಳ್ಗಿಚ್ಚು ಬಿದ್ದ ಕಾಡಿನ ಹಾಗೆ. ಪಕ್ಕದ ಮನೆಯ ಹಿರಿಯರು ಕೃಷ್ಣಾ ಜಿಲ್ಲೆಯವರು. ಅದನ್ನು ನೋಡಿ ಅವರು ಹೇಳಿದ್ದು ಇಷ್ಟೇ: "ಇದು ಗಾಳಿ ಬಾಬು. ದಿವಿಸೀಮೆಗೆ ಬಂದದ್ದು ಸಮುದ್ರ."

ಆ ಮಾತಿನ ಬೆನ್ನು ಹತ್ತಲು ನನಗೆ ವರ್ಷಗಳೇ ಬೇಕಾದವು. ಒಂದು ಜನವರಿಯಲ್ಲಿ, ರಿಲೀಸ್ ಮುಗಿದು ಮೂರು ದಿನ ರಜೆ ಸಿಕ್ಕಾಗ, ಬುಲೆಟ್ ಹತ್ತಿ ಒಬ್ಬನೇ ಹೊರಟೆ. ವಿಜಯವಾಡದವರೆಗಿನ ಸುಮಾರು 350 ಕಿಲೋಮೀಟರಿನ ಬಗ್ಗೆ ಹೇಳುವಂಥದ್ದೇನಿಲ್ಲ. ಲಾರಿ, ಟೋಲು, ಬಿಸಿಲು. ಪ್ರಕಾಶಂ ಬ್ಯಾರೇಜಿನ ಮೇಲೆ ನಿಂತಾಗ ಮಾತ್ರ ಮನಸ್ಸು ಜಗ್ಗಿತು. ನಾನು ಹುಟ್ಟಿದ ಊರು ಬಾಗಲಕೋಟೆ ಜಿಲ್ಲೆಯದು, ಈಗ ಆಲಮಟ್ಟಿ ಹಿನ್ನೀರಿನಡಿ ಇದೆ. ಇಲ್ಲಿ ಹರಿಯುವುದೂ ಅದೇ ಕೃಷ್ಣೆ.

ವಿಜಯವಾಡದಿಂದ ಮುಂದೆ ಕರಕಟ್ಟ, ಅಂದರೆ ಪ್ರವಾಹ ತಡೆಯುವ ಏರಿಯ ಮೇಲಿನ ರಸ್ತೆ. ದಾರಿಯಲ್ಲಿ ಶ್ರೀಕಾಕುಳಂ ಎಂಬ ಸಣ್ಣ ಊರು ಸಿಗುತ್ತದೆ. ಉತ್ತರದ ಜಿಲ್ಲಾ ಕೇಂದ್ರ ಬೇರೆ, ಇದು ಬೇರೆ. ಇಲ್ಲಿಯ ಆಂಧ್ರ ಮಹಾವಿಷ್ಣು ಕೃಷ್ಣದೇವರಾಯನ ಕನಸಿಗೆ ಬಂದು ತೆಲುಗಿನಲ್ಲಿ ಕಾವ್ಯ ಬರೆ ಎಂದನಂತೆ. 'ಆಮುಕ್ತಮಾಲ್ಯದ' ಹುಟ್ಟಿದ್ದು ಹಾಗೆ. 'ಕನ್ನಡ ರಾಜ್ಯ ರಮಾರಮಣ'ನಿಗೆ ಭಾಷೆ ಬದಲಿಸಲು ದೇವರೇ ಹೇಳಬೇಕಾಯಿತು. ನಮಗಾದರೆ ಕ್ಲೈಂಟ್ ಸಾಕು.

ಪುಲಿಗಡ್ಡದ ಬಳಿ ಕೃಷ್ಣೆ ಎರಡಾಗಿ ಒಡೆಯುತ್ತಾಳೆ. ಒಂದು ಕವಲಿನ ಮೇಲೆ ಕಾಲುವೆಯ ನೀರನ್ನೇ ಸೇತುವೆಯಂತೆ ದಾಟಿಸಿದ್ದಾರೆ. ಎರಡು ಕವಲುಗಳ ನಡುವೆ, ಬಂಗಾಳ ಕೊಲ್ಲಿಯವರೆಗೆ ಚಾಚಿದ ನೆಲವೇ ದಿವಿಸೀಮೆ. ಅವನಿಗಡ್ಡ, ನಾಗಾಯಲಂಕ, ಕೋಡೂರು, ಹಂಸಲದೀವಿ. ಎಲ್ಲಿ ನಿಂತು ನೋಡಿದರೂ ಸಪಾಟು ಗದ್ದೆ, ತಾಳೆಮರ, ಆಕಾಶ. ಚೆಲುವಾದ ನೆಲ, ಆದರೆ ಓಡಿ ಹತ್ತಲು ಒಂದು ದಿಬ್ಬವೂ ಇಲ್ಲ.

1977ರ ನವೆಂಬರ್ 19, ಶನಿವಾರ. ಚಂಡಮಾರುತ ದಡ ಮುಟ್ಟಿದಾಗ ಸಮುದ್ರ ಐದು ಮೀಟರಿಗೂ ಹೆಚ್ಚು ಎತ್ತರ ಎದ್ದು ಹನ್ನೆರಡು ಕಿಲೋಮೀಟರಿನಷ್ಟು ಒಳಕ್ಕೆ ನುಗ್ಗಿತು. ಸೊರ್ಲಗೊಂದಿ, ಪಾಲಕಾಯತಿಪ್ಪದಂಥ ಊರುಗಳು ಹೆಸರಿಗಷ್ಟೇ ಉಳಿದವು. ತಾಳೆಮರ ತಬ್ಬಿ, ಮುಳ್ಳುಕಂಟಿಗೆ ಸಿಕ್ಕಿಕೊಂಡು ಕೆಲವರು ಬದುಕಿದರು. ಸರ್ಕಾರಿ ಲೆಕ್ಕದಲ್ಲಿ ಸತ್ತವರು ಸುಮಾರು ಹತ್ತು ಸಾವಿರ. ಆ ಲೆಕ್ಕವನ್ನು ಅನೇಕರು ಇಂದಿಗೂ ಒಪ್ಪುವುದಿಲ್ಲ. ಎನ್.ಟಿ. ರಾಮರಾವ್, ಅಕ್ಕಿನೇನಿ ನಾಗೇಶ್ವರರಾವ್ ಊರೂರು ತಿರುಗಿ ನಿಧಿ ಕೂಡಿಸಿದರು. ಅವನಿಗಡ್ಡದ ಶಾಸಕ ಮಂಡಲಿ ವೆಂಕಟಕೃಷ್ಣರಾವ್ ಪರಿಹಾರದ ಕೆಲಸಕ್ಕೆ ನಿಂತರು. ಅವರ ಹೆಸರು ಇಲ್ಲಿ ಇನ್ನೂ ಬಾಯಲ್ಲಿದೆ.

ನಾಗಾಯಲಂಕದ ಟೀ ಅಂಗಡಿಯಲ್ಲಿ ಎಪ್ಪತ್ತು ದಾಟಿದ ಒಬ್ಬರು ಸಿಕ್ಕರು. ಕೇಳಿದೆ: "ಎಚ್ಚರಿಕೆ ಕೊಟ್ಟಿರಲಿಲ್ಲವೇ ತಾತಗಾರು?"

"ರೇಡಿಯೋ ಹೇಳಿತ್ತು ಬಾಬು. ಎಲ್ಲಿಗೆ ಹೋಗಬೇಕು ಅಂತ ಹೇಳಲಿಲ್ಲ."

ನನ್ನ ಕೆಲಸದಲ್ಲಿ ಮೇಲ್ ಕಳಿಸಿದ ಕೂಡಲೇ ಜವಾಬ್ದಾರಿ ಮುಗಿಯಿತೆಂದುಕೊಳ್ಳುವವರನ್ನು ದಿನವೂ ಕಾಣುತ್ತೇನೆ. ನಾನೂ ಅವರಲ್ಲೊಬ್ಬ. ಟೀ ಕುಡಿಯಲಾಗದೆ ಸ್ವಲ್ಪ ಹೊತ್ತು ಲೋಟ ಹಿಡಿದು ಕೂತೆ.

ಇದೇ ತೀರದ ಮಚಲೀಪಟ್ಟಣದಲ್ಲಿ 1864ರ ನವೆಂಬರಿನಲ್ಲೂ ಸಮುದ್ರ ಏರಿ ಮೂವತ್ತು ಸಾವಿರದಷ್ಟು ಜನ ಸತ್ತಿದ್ದರು. ನೂರ ಹದಿಮೂರು ವರ್ಷದಲ್ಲಿ ಅದು ಮರೆತೇ ಹೋಗಿತ್ತು. 1977ರದ್ದನ್ನು ಮಾತ್ರ ಮರೆಯಲಿಲ್ಲ. ದಡದುದ್ದಕ್ಕೂ ಕಾಂಕ್ರೀಟಿನ ಆಶ್ರಯ ಕಟ್ಟಡಗಳು ಎದ್ದವು, ಗಾಳಿಮರದ ತೋಪು ಬೆಳೆಸಿದರು, ಉಪಗ್ರಹದ ಮೂಲಕ ಎಚ್ಚರಿಕೆ ಮುಟ್ಟಿಸುವ ವ್ಯವಸ್ಥೆ ಬಂತು. 1990ರ ಮೇ 9ರಂದು ಕೃಷ್ಣೆಯ ಮುಖದ ಹತ್ತಿರವೇ ಅಷ್ಟೇ ಉಗ್ರ ಚಂಡಮಾರುತ ಬಂದಾಗ ಆರು ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಸಾಗಿಸಿದ್ದರು. ಸತ್ತವರು ಸಾವಿರದೊಳಗೆ. ಹುಡ್‌ಹುಡ್‌ನಲ್ಲಿ ಆಂಧ್ರದ ಲೆಕ್ಕ ನೂರು ದಾಟಲಿಲ್ಲ. ಬಚ್ಚಲುಮನೆಯಲ್ಲಿ ಕೂತ ನಾವು ಬದುಕಿದ್ದರ ಹಿಂದೆ ದಿವಿಸೀಮೆಯವರ ಸಾವೂ ಇತ್ತು. ಅದು ನನಗೆ ತಿಳಿದದ್ದೇ ಆ ಟೀ ಅಂಗಡಿಯಲ್ಲಿ.

ಕೋಡೂರಿನಿಂದ ಹಂಸಲದೀವಿಯ ಕಡೆ ಹೋಗುವಾಗ ರಸ್ತೆಯ ಎರಡೂ ಬದಿ ಸಿಗಡಿ ಕೆರೆಗಳು. ಅಂದು ಉಪ್ಪುನೀರು ಹೊಕ್ಕು ಹಾಳಾದ ನೆಲಕ್ಕೆ ಇಂದು ಬೇಕೆಂದೇ ಉಪ್ಪುನೀರು ತುಂಬಿದ್ದಾರೆ. ಭತ್ತಕ್ಕಿಂತ ಅದರಲ್ಲಿ ಹಣ ಹೆಚ್ಚು. ಬೈಯಲು ನಾನು ಯಾರು? ಆದರೆ ಕೆರೆ ದಡದತ್ತ ಸರಿದಷ್ಟೂ ಅಲೆಯ ಪೆಟ್ಟು ತಡೆಯುವ ಮಡ ಅಡವಿಗೆ, ನಮ್ಮ ಕರಾವಳಿಯವರು ಕಾಂಡ್ಲಾ ಅನ್ನುವ ಕಾಡಿಗೆ, ಜಾಗ ಕಡಿಮೆ. ಕೃಷ್ಣಾ ಅಭಯಾರಣ್ಯವೆಂದು ಗುರುತು ಹಾಕಿದ ಕಡೆ ಅದು ದಟ್ಟವಾಗಿದೆ.

ಅಂಗಡಿಯಿಂದ ಏಳುವಾಗ ತಾತ ಕೇಳಿದ್ದರು, "ನಿಮ್ಮದು ಯಾವ ಊರು?"

"ಇದೇ ಹೊಳೆಯ ಮೇಲ್ಗಡೆ. ಡ್ಯಾಮಿನಲ್ಲಿ ಮುಳುಗಿತು."

"ಎಷ್ಟು ಜನ ಹೋದರು?"

"ಯಾರೂ ಇಲ್ಲ. ವರ್ಷಗಳ ಮೊದಲೇ ನೋಟೀಸು ಬಂದಿತ್ತು."

ತಲೆಯಾಡಿಸಿ ಸುಮ್ಮನಾದರು. ಟೀ ದುಡ್ಡು ಕೊಡಲು ಹೋದರೆ ಬಿಡಲಿಲ್ಲ. ಸಂಜೆ ಪೆನುಮೂಡಿ ಸೇತುವೆ ದಾಟಿ ರೇಪಲ್ಲೆಯ ಕಡೆ ತಿರುಗಿದೆ. ಕೆಳಗೆ ಕೃಷ್ಣೆ ಅಗಲವಾಗಿ, ಸದ್ದಿಲ್ಲದೆ ಹರಿಯುತ್ತಿದ್ದಳು.